ಗಣಿಯ ಎಚ್ಚರ ಅಡಿಗೆಮನೆಗೂ ಬರಲಿ

ಅಪಘಾತವೆಂಬ ಮಾತು ಕಿವಿಗೆ ಬಿದ್ದೊಡನೆ ಕೋಲಾರದ ಚಿನ್ನದ ಗಣಿ ಪ್ರದೇಶದವರ ಮನಸ್ಸು ನೆಲದಡಿಗೆ ಇಳಿಯುತ್ತದೆ. ಇದು ಸಹಜವೇ ಸರಿ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಕೆಲಸಕ್ಕೆ ಕೈಹಾಕಿದಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವ ತನಕ, ನೂರಿಪ್ಪತ್ತು ವರ್ಷಗಳ ಕಾಲ, ಇಲ್ಲಿನ ಮನೆಮನೆಯವರೂ ಗಣಿಯ ಅಪಾಯವನ್ನು ಬಲ್ಲವರಾಗಿದ್ದರು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಹೋಗಿತ್ತು. ಅಷ್ಟು ಭಾರದಡಿಯಲ್ಲಿ ಬಂಡೆಯು ತಾನೇ ತಾನಾಗಿ ಸಿಡಿದು ಆಳುಗಳನ್ನು ಬಲಿ ತೆಗೆದುಕೊಂಡ ಪ್ರಸಂಗಗಳು ಒಂದೆರಡಲ್ಲ. ಆದರೆ ಅದೇ ಗಣಿ ಲೈನುಗಳ ಮನೆಗಳಲ್ಲಿ ಬೆಳಗಾದರೆ ನಡೆಯುವ ಇನ್ನೊಂದು ಬಗೆಯ ಅಪಘಾತಕ್ಕೆ ಅಪಘಾತವೆಂಬ ಹೆಸರೇ ಇಲ್ಲ. ಈಳಿಗೆಮಣೆಯ ಮೇಲೆ ಬೆರಳು ಜಾರುತ್ತದೆ. ಮಚ್ಚು ತೆಂಗಿನಕಾಯಿಯನ್ನು ಬಿಟ್ಟು ಅಂಗೈಯನ್ನು ಹಿಡಿಯುತ್ತದೆ. ಮಿಕ್ಸಿಯ ಪಾತ್ರೆಯನ್ನು ತೊಳೆಯಹೋದ ಬೆರಳಿಗೆ ಒಳಗಿನ ಅಲಗು ತಗಲುತ್ತದೆ. ‘ಕೈ ಕುಯ್ದುಕೊಂಡಳು’ ಎಂಬ ಎರಡು ಮಾತಿನಲ್ಲಿ ಅದರ ಕಥೆ ಮುಗಿದುಹೋಗುತ್ತದೆ.

ಈ ಎರಡು ಮಾತು ಸಾಲದೆಂಬುದೇ ನಮ್ಮ ಅಭಿಪ್ರಾಯ. ಅಡಿಗೆಮನೆಯೂ ಒಂದು ಕೆಲಸದ ಸ್ಥಳ. ಅಲ್ಲಿನ ಗಾಯವೂ ಕೆಲಸದ ಗಾಯ. ಗಣಿಯ ಅಪಘಾತಗಳನ್ನು ನೋಡಿದ ಕಣ್ಣಿನಿಂದಲೇ ಅದನ್ನೂ ನೋಡಬೇಕು.

ಗಣಿಯು ಅಪಘಾತವನ್ನು ಹೇಗೆ ನೋಡಿತೆಂಬುದನ್ನು ಸ್ವಲ್ಪ ನೆನೆಯೋಣ. ಮೊದಮೊದಲು ಬಂಡೆಸಿಡಿತವನ್ನು ವಿಧಿಯೆಂದೇ ಬಗೆದವರಿದ್ದರು. ಆದರೆ ವಿಧಿಯನ್ನು ಹಳಿದು ಯಾವ ಗಣಿಯೂ ಸುರಕ್ಷಿತವಾಗಲಿಲ್ಲ. ಸಿಡಿತವಾದ ಸ್ಥಳವನ್ನೂ ವೇಳೆಯನ್ನೂ ಬರೆದಿಟ್ಟರು. ನೆಲದ ಅದುರನ್ನು ಅಳೆಯಲು ಭೂಕಂಪಮಾಪಕಗಳನ್ನು ಇಟ್ಟರು. ಬಗೆದು ತೆಗೆದ ಜಾಗಕ್ಕೆ ಎಂತಹ ಆಸರೆ ಕೊಟ್ಟರೆ ಮೇಲಿನ ಬಂಡೆ ನಿಂತೀತೆಂದು ಪರೀಕ್ಷಿಸಿದರು. 1952ರ ಗಣಿ ಕಾಯಿದೆಯು, ಪೆಟ್ಟು ಬಿದ್ದ ಆಳು 72 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕೆಲಸಕ್ಕೆ ಬಾರದಂತಾದರೆ ಅದನ್ನು ವರದಿ ಮಾಡತಕ್ಕ ಗಾಯವೆಂದು ಗಣಿಸಿತು. ಗಣಿಗಳಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳು ಕೈಗೆಟಕುವಂತೆ ಇರತಕ್ಕದ್ದೆಂದು ವಿಧಿಸಿತು. ಇದರ ಹಿಂದಿನ ತತ್ತ್ವ ಸರಳವಾದದ್ದು. ಗಾಯವನ್ನು ಎಣಿಸಿದರೆ ಅದರ ಕಾರಣ ಕಾಣುತ್ತದೆ; ಕಾರಣ ಕಂಡರೆ ತಡೆಯುವ ದಾರಿ ತೋರುತ್ತದೆ.

ಈ ಅಳತೆಗೋಲನ್ನು ಅಡಿಗೆಮನೆಗೆ ಹಿಡಿದು ನೋಡಿದರೆ ಏನಾಗುತ್ತದೆ? ಗಂಡನ ಬೆರಳು ನೆಲದಡಿಯಲ್ಲಿ ಕತ್ತರಿಸಿದ್ದರೆ ಪುಸ್ತಕದಲ್ಲಿ ಒಂದು ಸಾಲು ಬೀಳುತ್ತಿತ್ತು. ಹೆಂಡತಿಯ ಬೆರಳು ಮೂರು ದಿನ ಮಡಚಲಾಗದೆ ಇದ್ದರೆ ಆಕೆ ಎಡಗೈಯಿಂದ ಸಾರು ಬಡಿಸುತ್ತಾಳೆ, ಅಷ್ಟೆ. ಆಕೆಯ ಕೆಲಸಕ್ಕೆ ರಜೆಯೆಂಬುದಿಲ್ಲವಾದ್ದರಿಂದ ಆಕೆಯ ಗಾಯಕ್ಕೆ 72 ಗಂಟೆಯ ಲೆಕ್ಕವೂ ಇಲ್ಲ. ಲೆಕ್ಕವಿಲ್ಲದ್ದಕ್ಕೆ ಕಾರಣವನ್ನು ಹುಡುಕುವವರಿಲ್ಲ. ‘ಗಮನವಿಟ್ಟು ಕೆಲಸ ಮಾಡಬಾರದೆ?’ ಎಂಬ ಬೈಗುಳವೇ ತನಿಖೆಯೂ ತೀರ್ಪೂ ಆಗಿಬಿಡುತ್ತದೆ.

ಗಮನದ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದು ವಿಜ್ಞಾನವಲ್ಲ. ಮೊಂಡಾದ ಚಾಕುವಿನಿಂದ ಅಪಾಯ ಕಡಮೆಯೆಂಬ ನಂಬಿಕೆಯನ್ನೇ ತೆಗೆದುಕೊಳ್ಳೋಣ. ಒತ್ತಡವೆಂದರೆ ಬಲವನ್ನು ಅದು ಬೀಳುವ ವಿಸ್ತಾರದಿಂದ ಭಾಗಿಸಿದ್ದು. ಹರಿತವಾದ ಅಲಗಿನ ವಿಸ್ತಾರ ಅತಿ ಸೂಕ್ಷ್ಮವಾದ್ದರಿಂದ ಅಲ್ಪ ಬಲವೇ ಸಾಕು, ಕೈ ಹಿಡಿತದಲ್ಲಿರುತ್ತದೆ. ಮೊಂಡು ಅಲಗಿಗೆ ಹೆಚ್ಚು ಬಲ ಬೇಕು. ನಮ್ಮ ಜಿಲ್ಲೆಯ ಟೊಮ್ಯಾಟೊವಿನ ನುಣುಪು ಸಿಪ್ಪೆಯ ಮೇಲೆ ಅದು ಹೊಕ್ಕದೆ ಜಾರುತ್ತದೆ. ಹಾಕಿದ ಬಲವೆಲ್ಲ ಪಕ್ಕದ ಬೆರಳಿನ ಮೇಲೆ ಬೀಳುತ್ತದೆ. ಮಗು ಇರುವ ಮನೆಯಲ್ಲಿ ಚಾಕುವನ್ನು ಎತ್ತಿಡಬೇಕೇ ಹೊರತು ಮೊಂಡಾಗಿಡಬಾರದು.

ಈಳಿಗೆಮಣೆಯ ಮಾತೂ ಹೀಗೆಯೇ. ಕನ್ನಡದವರ ಈಳಿಗೆಮಣೆ, ತೆಲುಗರ ಕತ್ತಿಪೀಟ, ತಮಿಳರ ಅರುವಾಮನೈ ಎಂದು ಗಣಿಯ ಪೇಟೆಗಳಲ್ಲಿ ಮೂರು ಹೆಸರಿನಿಂದ ಬಾಳುವ ಈ ಸಾಧನವನ್ನು ಅನಾಗರಿಕವೆಂದು ಹೊರಹಾಕಬೇಕೆನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. ಅದರ ಅಲಗು ಕದಲುವುದಿಲ್ಲ. ಮಣೆಯನ್ನು ಕಾಲು ಅದುಮಿರುತ್ತದೆ. ಎರಡು ಕೈಗಳೂ ಕಾಯಿಯನ್ನು ಹಿಡಿದಿರುತ್ತವೆ. ಕುಳಿತು ಮಾಡುವ ಕೆಲಸಕ್ಕೆ ಅದು ಒಳ್ಳೆಯ ಯುಕ್ತಿಯೇ. ಅಪಾಯ ಹುಟ್ಟುವುದು ಬೇರೆ ಕಡೆ. ಹೆಚ್ಚುವವರು ಬಾಗಿಲು ತಟ್ಟಿತೆಂದು ಎದ್ದು ಹೋಗುತ್ತಾರೆ. ಅಲಗು ಮೇಲ್ಮುಖವಾಗಿ ಹಾಗೆಯೇ ನಿಂತಿರುತ್ತದೆ. ತೆವಳುವ ಮಗುವಿನ ಕಣ್ಣಿಗೂ ಕೈಗೂ ಅದು ಸರಿಯಾದ ಎತ್ತರ. ಇನ್ನು ಕೆಲವು ಮನೆಗಳಲ್ಲಿ ಅದೇ ಮಣೆಯನ್ನು ನಿಂತು ಅಡಿಗೆ ಮಾಡುವ ಕಟ್ಟೆಯ ಮೇಲೆ ಇಡುತ್ತಾರೆ. ಕಾಲಿನ ಅದುಮು ತಪ್ಪಿ ಅದು ಅಲುಗಾಡುತ್ತದೆ. ಎದ್ದರೆ ಅಲಗನ್ನು ಮಡಚಿ ಏಳತಕ್ಕದ್ದು, ಕಟ್ಟೆಯ ಮೇಲೆ ಚಾಕುವನ್ನೂ ಹಲಗೆಯನ್ನೂ ಬಳಸತಕ್ಕದ್ದು ಎಂಬೆರಡು ನಿಯಮಗಳಿಗೆ ಕಾಸಿನ ಖರ್ಚಿಲ್ಲ.

ಅವಸರವೂ ಒಂದು ಕಾರಣವೇ. 1894ರಲ್ಲಿ ಗಣಿಗಾಗಿ ಹಾಕಿದ ಬಂಗಾರಪೇಟೆ–ಮಾರಿಕುಪ್ಪ ರೈಲುದಾರಿಯಲ್ಲಿ ಇಂದು ಚಿನ್ನದ ಕೆಲಸದವರು ಓಡಾಡುವುದಿಲ್ಲ. ಬೆಂಗಳೂರಿನ ಕೆಲಸಕ್ಕೆ ಹೋಗುವ ಸಾವಿರಾರು ಮಂದಿ ಮುಂಜಾನೆಯೇ ಬಂಡಿ ಹತ್ತುತ್ತಾರೆ. ಅವರ ಬುತ್ತಿಗೆ ತರಕಾರಿ ಹೆಚ್ಚುವುದು ಅರೆನಿದ್ದೆಯ ಕಣ್ಣಿನಲ್ಲಿ, ಅರೆಬೆಳಕಿನಲ್ಲಿ. ಬಂಗಾರಪೇಟೆಯ ಹೆಸರನ್ನು ದೂರದೂರಿಗೂ ಒಯ್ದ ಪಾನಿಪೂರಿಗೆ ಈರುಳ್ಳಿಯನ್ನೂ ಗಜ್ಜರಿಯನ್ನೂ ಸಣ್ಣಗೆ ಹೆಚ್ಚಬೇಕು; ಇಂತಹ ಚಿಕ್ಕ ವ್ಯಾಪಾರದಲ್ಲಿ ಮನೆಯ ಅಡಿಗೆಕೋಣೆಯೇ ಕಾರ್ಖಾನೆಯಾಗುವುದುಂಟು. ಇವರೆಲ್ಲರ ಜೀವನ ನಿಂತಿರುವುದು ಕೈಯ ಮೇಲೆ. ಹೊಲಿಗೆ ಯಂತ್ರದ ಮುಂದೆ ಕೂರುವವಳಿಗೆ ತೋರುಬೆರಳಿನ ತುದಿಯ ಸ್ಪರ್ಶವು ಹೋಯಿತೆಂದರೆ ಅನ್ನವೇ ಹೋದಂತೆ.

ಬೆರಳಿನ ಗಾಯದ ವಿಷಯದಲ್ಲಿ ಕಣ್ಣು ಮೋಸಹೋಗುತ್ತದೆ. ರಕ್ತ ಹೆಚ್ಚಾಗಿ ಹರಿದರೆ ನಾವು ಹೆದರುತ್ತೇವೆ, ನಿಂತರೆ ಮರೆಯುತ್ತೇವೆ. ಆದರೆ ಬೆರಳನ್ನು ಮಡಚುವ ಸ್ನಾಯುಗಳು ಬೆರಳಿನಲ್ಲಿ ಇಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದಂತಹ ಸ್ನಾಯುರಜ್ಜುಗಳು ಹೊರಟು, ಹೆಬ್ಬೆರಳನ್ನುಳಿದ ಒಂದೊಂದು ಬೆರಳಿಗೂ ಎರಡೆರಡರಂತೆ, ಕಿರಿದಾದ ಕೊಳವೆಯೊಳಗೆ ಜಾರುತ್ತ ಬಂದು ಎಲುಬನ್ನು ಸೇರುತ್ತವೆ. ಅಂಗೈಯ ಮೇಲ್ಗೆರೆಯಿಂದ ಬೆರಳಿನ ನಡುಗೆಣ್ಣಿನ ಆಚೆಯವರೆಗಿನ ಭಾಗದಲ್ಲಿ ಇವುಗಳ ಹೊಲಿಗೆ ಎಷ್ಟು ಕಷ್ಟವೆಂದರೆ, ಶಸ್ತ್ರವೈದ್ಯರು ಅದನ್ನು ಬಹುಕಾಲ ‘ಯಾರಿಗೂ ಸೇರದ ನೆಲ’ವೆಂದೇ ಕರೆದರು. ಬೆರಳಿನ ಎರಡು ಮಗ್ಗುಲಲ್ಲೂ ಸ್ಪರ್ಶದ ನರವೂ ರಕ್ತನಾಳವೂ ಜೊತೆಯಾಗಿ ಹರಿಯುತ್ತವೆ. ಅರ್ಧ ಅಂಗುಲದ ಸೀಳೊಂದು ಇವೆಲ್ಲವನ್ನೂ ಕಡಿದು, ಮೇಲೆ ಚರ್ಮವನ್ನು ಮಾತ್ರ ಅಚ್ಚುಕಟ್ಟಾಗಿ ಕೂಡಿಸಿಕೊಂಡು ಸುಮ್ಮನಿರಬಲ್ಲುದು. ಕಡಿದ ರಜ್ಜುವನ್ನು ಮೊದಲ ಕೆಲವು ದಿನಗಳಲ್ಲಿ ಹೊಲಿದರೆ ಬೆರಳು ಮತ್ತೆ ಮಡಚುವ ಭರವಸೆ ಇದೆ. ವಾರಗಳು ಕಳೆದರೆ ಅದು ಅಂಗೈಯತ್ತ ಹಿಂಜರಿದು, ನೇರವಾಗಿ ಹೊಲಿಯುವುದೇ ದುಸ್ತರವಾಗುತ್ತದೆ.

ಆದುದರಿಂದ ರಕ್ತ ನಿಂತ ಮೇಲೆ ಮಾಡಬೇಕಾದ ಪರೀಕ್ಷೆ ಮೂರು. ಬೆರಳಿನ ಪ್ರತಿಯೊಂದು ಗೆಣ್ಣೂ, ತುದಿಯದೂ ಸಹ, ಬೇರೆಬೇರೆಯಾಗಿ ಮಡಚುವುದೆ, ಚಾಚುವುದೆ? ಬೆರಳ ತುದಿಯ ಎರಡು ಮಗ್ಗುಲಲ್ಲೂ ಮುಟ್ಟಿದ್ದು ತಿಳಿಯುವುದೆ? ತುದಿಯ ಬಣ್ಣ ಉಳಿದ ಬೆರಳುಗಳಂತೆಯೇ ಇದೆಯೆ? ಒಂದಕ್ಕೆ ‘ಇಲ್ಲ’ವೆಂದು ಉತ್ತರ ಬಂದರೂ ಗಾಯ ಎಷ್ಟು ಚಿಕ್ಕದಾಗಿದ್ದರೂ ಆಸ್ಪತ್ರೆಗೆ ಹೋಗಬೇಕು. ಬಾಯ್ದೆರೆದ ಗಾಯ, ಆಳವಾದ ಚುಚ್ಚು, ಒಳಗೆ ಗಾಜು ಉಳಿದಿರುವ ಶಂಕೆ, ಹತ್ತು ಹದಿನೈದು ನಿಮಿಷ ಒತ್ತಿದರೂ ನಿಲ್ಲದ ರಕ್ತ, ಇವುಗಳಿಗೂ ಅದೇ ದಾರಿ. ಉಳಿದ ಸಣ್ಣ ಗೀರುಗಳಿಗೆ ಸೋಪೂ ಶುದ್ಧವಾದ ನೀರೂ ಮಡಿಯಾದ ಬಟ್ಟೆಯೂ ಸಾಕು.

ಒತ್ತುವುದೆಂದರೆ ಒಗೆದ ಬಟ್ಟೆಯನ್ನು ಗಾಯದ ಮೇಲಿಟ್ಟು, ಕೈಯನ್ನು ಮೇಲೆತ್ತಿ, ನಡುನಡುವೆ ಬಿಚ್ಚಿ ನೋಡದೆ, ಹತ್ತು ನಿಮಿಷ ಅದುಮಿ ಹಿಡಿಯುವುದು. ರಕ್ತ ಹೆಪ್ಪುಗಟ್ಟಲು ಅಷ್ಟು ಕಾಲ ಬೇಕು. ಬಿಚ್ಚಿದಾಗಲೆಲ್ಲ ಹೊಸ ಹೆಪ್ಪು ಕಿತ್ತುಬರುತ್ತದೆ. ಬೆರಳ ಬುಡಕ್ಕೆ ದಾರವನ್ನು ಬಿಗಿಯುವುದು ಸಲ್ಲದು; ಅದು ಬೆರಳಿಗೆ ರಕ್ತವನ್ನೇ ತಪ್ಪಿಸುತ್ತದೆ. ಉಂಗುರವಿದ್ದರೆ ಬಾವು ಬರುವ ಮುಂಚೆ ತೆಗೆಯಬೇಕು. ಅರಿಸಿನ, ಕಾಫಿಪುಡಿ, ಸುಣ್ಣ, ಸೀಮೆಎಣ್ಣೆಗಳನ್ನು ತೆರೆದ ಗಾಯಕ್ಕೆ ತುಂಬುವ ರೂಢಿಯನ್ನು ನಾವು ಹಿರಿಯರ ಮೇಲಿನ ಗೌರವದಿಂದಲೇ ಬಿಡಬೇಕು. ಅರಿಸಿನದಲ್ಲಿ ಗುಣವಿಲ್ಲವೆಂದು ನಮ್ಮ ವಾದವಲ್ಲ. ಡಬ್ಬಿಯಲ್ಲಿರುವ ಪುಡಿ ಕ್ರಿಮಿರಹಿತವಲ್ಲ, ಮೇಲಾಗಿ ವೈದ್ಯರು ನೋಡಬೇಕಾದುದನ್ನು ಅದು ಮುಚ್ಚಿಬಿಡುತ್ತದೆ.

ಧನುರ್ವಾಯುವಿನ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ತುಕ್ಕುಹಿಡಿದ ಕಬ್ಬಿಣದಿಂದ ಮಾತ್ರ ಅದು ಬರುವುದೆಂದು ಜನ ಹೇಳುತ್ತಾರೆ. ತುಕ್ಕಿಗೂ ರೋಗಕ್ಕೂ ನೇರ ಸಂಬಂಧವಿಲ್ಲ. 1889ರಲ್ಲಿ ಜಪಾನಿನ ಕಿಟಾಸಾಟೊ ಪ್ರತ್ಯೇಕಿಸಿ ಬೆಳೆಸಿದ ಈ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ, ಸಗಣಿಯಲ್ಲಿ, ಧೂಳಿನಲ್ಲಿ ಇರುತ್ತವೆ. ಗಾಳಿಯಾಡದ ಆಳವಾದ ಗಾಯದಲ್ಲಿ ಮೊಳೆತು ವಿಷವನ್ನು ಸೃಜಿಸುತ್ತವೆ. ಥಳಥಳಿಸುವ ಚಾಕುವಿಗೆ ಹೊಲದ ಮಣ್ಣು ಅಂಟಿದ್ದರೂ ಸಾಕು. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತವು ನಿರ್ಮೂಲ ಮಾಡಿತೆಂದು 2015ರಲ್ಲಿ ದೃಢಪಟ್ಟಿತು; ಇದು ದೊಡ್ಡ ಸಾಧನೆ. ಆದರೆ ಮಕ್ಕಳಿಗೂ ಗರ್ಭಿಣಿಯರಿಗೂ ದೊರೆತ ಲಸಿಕೆಯನ್ನು ನಡುವಯಸ್ಸಿನ ಗಂಡಸರೂ ಮುದುಕಿಯರೂ ಮರೆತಿರುತ್ತಾರೆ. ಹತ್ತು ವರ್ಷಗಳಿಗೊಮ್ಮೆ ಅದನ್ನು ಮತ್ತೆ ಹಾಕಿಸಿಕೊಳ್ಳಬೇಕೆಂಬುದು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡತಕ್ಕ ಮಾತು.

ಬೆರಳೇ ತುಂಡಾದ ಪ್ರಸಂಗದಲ್ಲಿಯೂ ಎಲ್ಲವೂ ಮುಗಿಯಿತೆಂದು ತಿಳಿಯಬೇಕಾಗಿಲ್ಲ. 1965ರಲ್ಲಿ ಜಪಾನಿನ ಕೊಮಾಟ್ಸು ಮತ್ತು ತಮಾಯ್ ಎಂಬ ವೈದ್ಯರು ಪೂರ್ತಿ ಕಡಿದುಹೋಗಿದ್ದ ಹೆಬ್ಬೆರಳನ್ನು ಸೂಕ್ಷ್ಮದರ್ಶಕದ ನೆರವಿನಿಂದ ಮತ್ತೆ ಜೋಡಿಸಿದರು. ತುಂಡನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಆ ಚೀಲವನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿಟ್ಟು ಒಯ್ಯಬೇಕು. ಮಂಜುಗಡ್ಡೆಯನ್ನೇ ನೇರವಾಗಿ ತಗಲಿಸಿದರೆ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ.

ಇಷ್ಟನ್ನು ಓದಿದ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು: ‘ಕೈ ಕುಯ್ದುಕೊಂಡವರೆಲ್ಲ ತುರ್ತು ಚಿಕಿತ್ಸೆಗೆ ಓಡಿದರೆ ಹೃದಯಾಘಾತವಾದವನಿಗೆ ಜಾಗವೆಲ್ಲಿ?’ ಆಕ್ಷೇಪ ನ್ಯಾಯವಾದದ್ದೇ. ಆದರೆ ಈಗ ನಡೆಯುತ್ತಿರುವುದು ಅದರ ವಿಪರೀತ. ರಕ್ತಕ್ಕೆ ಹೆದರಿದವರು ಗೀರಿಗೂ ಓಡುತ್ತಾರೆ. ನೋವಿಗೆ ಹೆದರದವರು ರಜ್ಜು ಕಡಿದರೂ ಮನೆಯಲ್ಲಿ ಉಳಿಯುತ್ತಾರೆ. ಆ ಮೂರು ಪ್ರಶ್ನೆಗಳನ್ನು ಬಲ್ಲ ಮನೆಯವರು ಆಸ್ಪತ್ರೆಯ ಹೊರೆಯನ್ನು ಇಳಿಸುತ್ತಾರೆಯೇ ಹೊರತು ಏರಿಸುವುದಿಲ್ಲ.

ದೂರದ ಮಾತು ಇನ್ನೂ ಗಂಭೀರವಾದುದು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಲೈನುಗಳ ಸಮೀಪದಲ್ಲಿಯೇ ಗಣಿಯ ಆಸ್ಪತ್ರೆಯಿತ್ತು. ಗಣಿ ಮುಚ್ಚಿದ ಮೇಲೆ ಆ ವ್ಯವಸ್ಥೆ ಉಳಿಯಲಿಲ್ಲ. ಈಗ ರಾಬರ್ಟ್‌ಸನ್‌ಪೇಟೆಯಲ್ಲಿಯೂ ಬಂಗಾರಪೇಟೆಯಲ್ಲಿಯೂ ಸರಕಾರಿ ಆಸ್ಪತ್ರೆಗಳಿವೆ. ಜಿಲ್ಲಾ ಆಸ್ಪತ್ರೆ ಗಣಿಪೇಟೆಯಿಂದ ಸುಮಾರು 30 ಕಿಲೋಮೀಟರು ದೂರದ ಕೋಲಾರದಲ್ಲಿದೆ. ಬೆಂಗಳೂರು ಬಂಗಾರಪೇಟೆಯಿಂದ ಸುಮಾರು 70 ಕಿಲೋಮೀಟರು. 2008ರಲ್ಲಿ ಆರಂಭವಾದ 108ರ ಆಂಬುಲೆನ್ಸ್ ಒಂದು ವರವೇ. ಆದರೆ ದಿನಗೂಲಿಯವಳಿಗೆ ಒಂದು ದಿನದ ಪ್ರಯಾಣವೆಂದರೆ ಒಂದು ದಿನದ ಕೂಲಿ. ಹೋಗುವುದು ವ್ಯರ್ಥವೋ ಅವಶ್ಯವೋ ಎಂಬುದನ್ನು ತಿಳಿದು ಹೊರಡುವ ಹಕ್ಕು ಆಕೆಗೆ ಬೇಡವೆ?

ಆದುದರಿಂದ ನಮ್ಮ ಸೂಚನೆಗಳು ಇವು. ಈ ಎರಡು ಪೇಟೆಗಳ ಸರಕಾರಿ ಆಸ್ಪತ್ರೆಗಳಲ್ಲಿ ಮನೆಯ ಗಾಯಗಳಿಗಾಗಿ ಒಂದು ಪುಸ್ತಕವಿರಲಿ, ಯಾವ ಸಾಧನ, ಯಾವ ವೇಳೆ, ಯಾವ ಕೆಲಸ, ಯಾವ ವಯಸ್ಸು ಎಂಬ ನಾಲ್ಕು ಅಂಕಣಗಳು ಸಾಕು, ಹೆಸರು ಬೇಕಿಲ್ಲ. ವರ್ಷದ ಕೊನೆಗೆ ಅದನ್ನು ಕೂಡಿ ನೋಡಿದರೆ ಮಿಕ್ಸಿಯ ಅಲಗಿಗೆ ಎಷ್ಟು ಬೆರಳು, ಮಚ್ಚಿಗೆ ಎಷ್ಟು ಅಂಗೈ ಎಂಬುದು ಊಹೆಯಾಗಿ ಉಳಿಯುವುದಿಲ್ಲ. ಪ್ರೌಢಶಾಲೆಗಳಲ್ಲಿ ಬೆರಳಿನ ಮೂರು ಪರೀಕ್ಷೆಗಳನ್ನೂ ರಕ್ತವನ್ನು ಒತ್ತಿ ನಿಲ್ಲಿಸುವುದನ್ನೂ ಹುಡುಗರಿಗೂ ಹುಡುಗಿಯರಿಗೂ ಸಮನಾಗಿ ಕಲಿಸಲಿ. ಈಳಿಗೆಮಣೆ ಮಾಡುವ ಕಮ್ಮಾರರು ಅಲಗಿಗೆ ಒಂದು ಮುಚ್ಚಳವನ್ನೂ ಸೇರಿಸಿ ಮಾರಲಿ. ಮತ್ತು ಪ್ರತಿಯೊಂದು ಮನೆಯಲ್ಲಿಯೂ, ಗಣಿಯಲ್ಲಿದ್ದಂತೆ, ಎಲ್ಲರಿಗೂ ಗೊತ್ತಿರುವ ಒಂದು ಸ್ಥಳದಲ್ಲಿ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲಿ.

ಚಿನ್ನದ ಗಣಿಯಿಂದ ಬಂದ ಚಿನ್ನವೆಲ್ಲ ಬೇರೆಲ್ಲಿಗೋ ಹೋಯಿತು. ಈ ಊರಿಗೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು. ಆದರೆ ಇನ್ನೊಂದು ಸಂಪತ್ತೂ ಇಲ್ಲಿನ ಹಳೆಯ ಕೆಲಸಗಾರರ ತಲೆಯಲ್ಲಿ ಉಳಿದಿದೆ: ಪೆಟ್ಟು ಬಿದ್ದಾಗ ‘ಯಾರ ತಪ್ಪು’ ಎಂದು ಕೇಳುವ ಮುಂಚೆ ‘ಹೇಗಾಯಿತು’ ಎಂದು ಕೇಳಬೇಕೆಂಬ ಅಭ್ಯಾಸ. ಗಂಡಸರ ಪ್ರಾಣ ಉಳಿಸಲೆಂದು ಕಲಿತ ಆ ಪ್ರಶ್ನೆಯನ್ನು ಹೆಂಗಸರ ಕೈ ಉಳಿಸುವುದಕ್ಕೂ ಬಳಸುವುದು ನ್ಯಾಯ.