ಕಿರ್ದಿಯಲ್ಲಿ ಕಾಣದ ಬಾಬು

ವ್ಯಾಪಾರಸ್ಥನ ಮನೆಯಲ್ಲಿ ಕಿರ್ದಿ ಪುಸ್ತಕಕ್ಕೆ ಇರುವ ಗೌರವ ಸಾಮಾನ್ಯವಾದುದಲ್ಲ. ದೀಪಾವಳಿಯ ಲಕ್ಷ್ಮೀಪೂಜೆಯಂದು ಅದಕ್ಕೆ ಅರಿಸಿನ ಕುಂಕುಮಗಳನ್ನೇರಿಸಿ ಪೂಜಿಸುವ ಸಂಪ್ರದಾಯ ಉತ್ತರ ಕರ್ನಾಟಕದ ಪೇಟೆಗಳಲ್ಲಿ ಇಂದಿಗೂ ಉಳಿದಿದೆ. ಬಂದ ಸರಕು, ಹೋದ ಸರಕು, ಜಮೆ, ಖರ್ಚು, ಉದ್ದರಿ, ಹಮಾಲಿ, ದಲಾಲಿ ಎಲ್ಲವೂ ಪೈಸೆ ತಪ್ಪದಂತೆ ಅದರಲ್ಲಿ ದಾಖಲಾಗುತ್ತವೆ. ಆದರೆ ಅದೇ ಅಂಗಡಿಯ ಹಿಂಬಾಗಿಲಿನಿಂದ ಪ್ರತಿನಿತ್ಯ ಹೊರಗೆ ಹೋಗುವ ಒಂದು ವಸ್ತುವಿಗೆ ಮಾತ್ರ ಅದರಲ್ಲಿ ಒಂದು ಸಾಲಿನ ಸ್ಥಾನವೂ ಇಲ್ಲ. ಅದು ಕಸ. ಎಷ್ಟು ತೂಕ ಹೋಯಿತು, ಯಾರು ಒಯ್ದರು, ಎಲ್ಲಿ ಸುರಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಮಾಲೀಕರು ವಿರಳ. ಇಂದಿನ ಪರಿಸರ ಶಾಸನಗಳು ಉದ್ಯಮಗಳಿಂದ ಕೇಳುತ್ತಿರುವುದು, ಅವುಗಳ ಪರಿಭಾಷೆಯ ತೆರೆಯನ್ನು ಸರಿಸಿ ನೋಡಿದರೆ, ಬಹುಮಟ್ಟಿಗೆ ಈ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನೇ.

'ತ್ಯಾಜ್ಯ' ಎಂಬ ಸಂಸ್ಕೃತ ಶಬ್ದಕ್ಕೆ ತ್ಯಜಿಸಲು ಯೋಗ್ಯವಾದುದು ಎಂದರ್ಥ. ಯೋಗ್ಯತೆಯನ್ನು ನಿರ್ಣಯಿಸಬೇಕಾದರೆ ಮೊದಲು ಪರೀಕ್ಷೆ ನಡೆಯಬೇಕು. ಎಲ್ಲವನ್ನೂ ಒಂದೇ ಬುಟ್ಟಿಗೆ ತುಂಬಿ ಹೊರಗಿಡುವವನು ಪರೀಕ್ಷಿಸಿಯೇ ಇಲ್ಲವಾದುದರಿಂದ, ಅವನು ಬಿಸುಟದ್ದನ್ನು ಶಬ್ದಾರ್ಥದಂತೆ ತ್ಯಾಜ್ಯವೆನ್ನುವುದೂ ಕಷ್ಟ. (ಕಸಬು ಎಂಬುದಕ್ಕೂ ಕಸ ಎಂಬುದಕ್ಕೂ ಸಂಬಂಧ ಕಲ್ಪಿಸುವ ವಿನೋದಪ್ರಿಯರಿದ್ದಾರೆ. ಕಸಬು ಅರಬ್ಬಿಯಿಂದ ಬಂದದ್ದು, ಕಸ ದೇಶ್ಯ. ಧ್ವನಿಯ ಹೊರತು ಅವೆರಡಕ್ಕೆ ನಂಟಿಲ್ಲ. ಆದರೂ ಕಸವಿಲ್ಲದ ಕಸಬು ಯಾವುದೂ ಇಲ್ಲವೆಂಬುದು ದಿಟ.)

ಹಿಂದಿನ ಒಕ್ಕಲುಮನೆಯಲ್ಲಿ ಈ ಪರೀಕ್ಷೆ ತಾನಾಗಿಯೇ ನಡೆಯುತ್ತಿತ್ತು. ಸಗಣಿ ಮತ್ತು ಕಸಕಡ್ಡಿ ತಿಪ್ಪೆಗೆ, ಬೂದಿ ಪಾತ್ರೆ ತಿಕ್ಕುವುದಕ್ಕೆ, ಮುಸುರೆ ಎಮ್ಮೆಗೆ, ಹರಕು ಬಟ್ಟೆ ಕೌದಿಗೆ. ಇದನ್ನು ಹೊಗಳುತ್ತ ಕಾಲ ಕಳೆಯುವ ಲೇಖನಗಳಿಗೆ ಕೊರತೆಯಿಲ್ಲ. ಆದರೆ ಆ ಹೊಗಳಿಕೆಯಿಂದ ಇಂದಿನ ವರ್ತಕನಿಗೆ ಪ್ರಯೋಜನವೂ ಇಲ್ಲ. ಅಂದಿನ ತಿಪ್ಪೆಯಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ಕೆಟ್ಟ ಬ್ಯಾಟರಿ ಇರಲಿಲ್ಲ, ಒಡೆದ ಟ್ಯೂಬ್‌ಲೈಟು ಇರಲಿಲ್ಲ. ಕಸದ ಜಾತಿಯೇ ಬದಲಾದ ಮೇಲೆ ಅದನ್ನು ವಿಂಗಡಿಸುವ ವಿವೇಕವನ್ನು ಹೊಸದಾಗಿ ಕಲಿಯದೆ ಗತ್ಯಂತರವಿಲ್ಲ.

ಕಲಿಯದಿದ್ದಾಗ ಏನಾಗುತ್ತದೆಂಬುದಕ್ಕೆ ರಾಜಧಾನಿಯೇ ನಿದರ್ಶನ. ಬೆಂಗಳೂರಿನ ಹೋಟೆಲು, ಮಾರುಕಟ್ಟೆ, ಕಚೇರಿ, ಮನೆಗಳ ಮಿಶ್ರ ಕಸ ವರ್ಷಗಟ್ಟಲೆ ಮಾವಳ್ಳಿಪುರ ಮತ್ತು ಮಂಡೂರು ಎಂಬ ಹಳ್ಳಿಗಳ ಪಕ್ಕದಲ್ಲಿ ಬೆಟ್ಟವಾಗಿ ಬೆಳೆಯಿತು. ಹಸಿ ಪದಾರ್ಥ ಗಾಳಿಯಾಡದೆ ಕೊಳೆತರೆ ಮೀಥೇನ್ ಅನಿಲ ಹುಟ್ಟಿ ರಾಶಿಗೆ ಬೆಂಕಿ ಹಿಡಿಯುತ್ತದೆ. ಮಳೆಗಾಲದಲ್ಲಿ ಅದರಿಂದ ಬಸಿದ ಕಪ್ಪು ರಸ ನೆಲಕ್ಕಿಳಿದು ಅಂತರ್ಜಲವನ್ನು ಕೆಡಿಸುತ್ತದೆ. ಆ ಕಸದಲ್ಲಿ ಹಳ್ಳಿಗರ ಪಾಲು ಇರಲಿಲ್ಲ. ದುರ್ಗಂಧ, ನೊಣ, ಕೆಟ್ಟ ನೀರು ಮಾತ್ರ ಅವರ ಪಾಲಿಗೆ ಬಂದವು. 2012ರಲ್ಲಿ ಮಾವಳ್ಳಿಪುರದ ದಾರಿ ಮುಚ್ಚಿತು. ನಗರದ ಬೀದಿಗಳಲ್ಲಿ ಕಸ ಕೊಳೆತು ನಾರಿತು. ಮಂಡೂರಿನ ಜನರ ಹೋರಾಟದ ಫಲವಾಗಿ 2014ರ ಅಂತ್ಯಕ್ಕೆ ಅಲ್ಲಿಯೂ ಸುರಿಯುವುದು ನಿಂತಿತು. ಈ ನಡುವೆ ರಾಜ್ಯದ ಉಚ್ಚ ನ್ಯಾಯಾಲಯವು 2012ರಲ್ಲಿ ಮೂಲದಲ್ಲಿಯೇ ಕಸ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿತು. 2015ರಲ್ಲಿ ಎರಡು ಬುಟ್ಟಿ ಒಂದು ಚೀಲದ ಕ್ರಮವನ್ನು ವಿಧಿಸಿತು. ಊರಿನವರು ಊಟ ಮಾಡಿದ ಮೇಲೆ ಎಲೆಯನ್ನು ಎಲ್ಲಿ ಹಾಕಬೇಕೆಂಬುದನ್ನು ನ್ಯಾಯಪೀಠ ಹೇಳಬೇಕಾಗಿ ಬಂದುದು ಶೋಭೆಯ ಸಂಗತಿಯೇನಲ್ಲ.

ದೇಶದ ಶಾಸನವೂ ಇದೇ ದಿಕ್ಕಿನಲ್ಲಿ ಸಾಗಿ ಬಂದಿದೆ. 1974ರಲ್ಲಿ ಜಲಮಾಲಿನ್ಯ ನಿವಾರಣೆಯ ಅಧಿನಿಯಮ, ಭೋಪಾಲದ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಅಧಿನಿಯಮ, 2000ದಲ್ಲಿ ನಗರ ಘನತ್ಯಾಜ್ಯದ ನಿಯಮಗಳು, 2016ರಲ್ಲಿ ಅವುಗಳ ಪರಿಷ್ಕರಣ. ಪಾಲಾರ್ ನದಿಯ ದಂಡೆಯ ಚರ್ಮದ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಕೆಡಿಸಿದವನೇ ಅದರ ವೆಚ್ಚವನ್ನು ತೆರಬೇಕೆಂಬ ತತ್ತ್ವವನ್ನು ಈ ದೇಶದ ಕಾನೂನಿನ ಅಂಗವೆಂದು ಸಾರಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳು ಹಸಿ, ಒಣ, ನೈರ್ಮಲ್ಯ ಸಂಬಂಧಿ ಮತ್ತು ವಿಶೇಷ ಎಚ್ಚರಿಕೆ ಬೇಡುವ ಕಸವೆಂದು ನಾಲ್ಕು ಬಗೆಯ ವಿಂಗಡಣೆಯನ್ನು ವಿಧಿಸಿವೆ. ದಿನಕ್ಕೆ 100 ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕಸ ಹೊರಡುವ ಸಂಸ್ಥೆ ಬೃಹತ್ ಉತ್ಪಾದಕರ ಗಣನೆಗೆ ಸೇರುತ್ತದೆ. ನೂರು ಕಿಲೋ ಎಂದರೆ ಕಾರ್ಖಾನೆಗಳ ಮಾತೆಂದು ಭಾವಿಸುವವರು ಒಂದು ದೊಡ್ಡ ಮದುವೆಯ ಮಧ್ಯಾಹ್ನ ಛತ್ರದ ಹಿಂಭಾಗಕ್ಕೆ ಹೋಗಿ ನೋಡಬೇಕು.

ಛತ್ರದ ವಿಷಯವನ್ನೇ ತುಸು ವಿಸ್ತರಿಸಬಹುದು. ಬಾಳೆಯೆಲೆ, ಉಳಿದ ಅನ್ನ, ತರಕಾರಿ ಸಿಪ್ಪೆ, ಹೂವಿನ ಹಾರ, ಇವು ಬೇರೆಯಾಗಿ ಉಳಿದರೆ ಗೊಬ್ಬರ. ಒಣ ಎಲೆಯನ್ನೋ ಮರದ ಹೊಟ್ಟನ್ನೋ ಸೇರಿಸಿ, ಹದವಾದ ತೇವದಲ್ಲಿಟ್ಟು ಆಗಾಗ ಮಗುಚಿದರೆ ರಾಶಿ ತಾನೇ ಕಾವೇರಿ 55 ಡಿಗ್ರಿ ದಾಟುತ್ತದೆ, ರೋಗಾಣುಗಳೂ ಕಳೆಯ ಬೀಜಗಳೂ ನಾಶವಾಗುತ್ತವೆ. ಅದೇ ರಾಶಿಗೆ ಅಂಗೈಯಗಲದ ನೀರಿನ ಬಾಟಲಿ, ತೆಳ್ಳನೆಯ ಲೋಟ, ಪ್ಲಾಸ್ಟಿಕ್ ಲೇಪದ ತಟ್ಟೆ ಬಿದ್ದವೆಂದರೆ ಗೊಬ್ಬರವೂ ಕೆಟ್ಟಿತು, ಮಾರಾಟಕ್ಕೆ ಬರುತ್ತಿದ್ದ ಬಾಟಲಿಯೂ ಸಾರಿನಲ್ಲಿ ನೆಂದು ಬೆಲೆಗೆಟ್ಟಿತು. ಹತ್ತು ನಿಮಿಷದ ಉದಾಸೀನ ಎರಡು ಸರಕುಗಳನ್ನು ಒಂದು ಹೊಲಸನ್ನಾಗಿ ಮಾಡಿತು. ಅಲ್ಲದೆ ಪ್ಲಾಸ್ಟಿಕ್ ಲೋಟ ಮತ್ತು ತಟ್ಟೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷಿದ್ಧ. ಈ ರಾಜ್ಯದಲ್ಲಂತೂ 2016ರಿಂದಲೇ ನಿಷೇಧವಿದೆ. ಛತ್ರದ ಮಾಲೀಕರು ಬಾಡಿಗೆಯ ಕರಾರಿನಲ್ಲಿ ಇದನ್ನೊಂದು ಷರತ್ತಾಗಿ ಬರೆಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಅಡುಗೆಯ ಗುತ್ತಿಗೆದಾರನ ಮೇಲೆ ಹೊರೆ ಹೊರಿಸಿ ತಾವು ದೂರ ನಿಲ್ಲುವುದು ನ್ಯಾಯವಲ್ಲ.

ಹೋಟೆಲುಗಳಲ್ಲಿ ಕರಿದ ಎಣ್ಣೆಯ ಪ್ರಶ್ನೆಯಿದೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇಕಡ 25ನ್ನು ಮೀರಿದರೆ ಅದನ್ನು ಅಡುಗೆಗೆ ಬಳಸಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ದಿನಕ್ಕೆ 50 ಲೀಟರಿಗೂ ಹೆಚ್ಚು ಎಣ್ಣೆ ಕರಿಯಲು ಬಳಸುವವರು ಅದರ ಲೆಕ್ಕವಿಡಬೇಕೆಂದು ಆಹಾರ ಸುರಕ್ಷಾ ಪ್ರಾಧಿಕಾರ ಆದೇಶಿಸಿತು. ಲೆಕ್ಕವಿಲ್ಲದೆಡೆ ಈ ಎಣ್ಣೆ ಅಗ್ಗದ ದರಕ್ಕೆ ರಸ್ತೆ ಬದಿಯ ಬಾಣಲೆಗೆ ಸೇರಿ ಬಡವನ ಹೊಟ್ಟೆಗೆ ಹೋಗುತ್ತದೆ. ಲೆಕ್ಕವಿದ್ದೆಡೆ ಜೈವಿಕ ಡೀಸೆಲ್ ತಯಾರಕರಿಗೆ ಹೋಗುತ್ತದೆ.

ಅಕ್ಕಿ ಗಿರಣಿಗಳವರಿಗೆ ಈ ಪಾಠವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಭತ್ತದ ತೂಕದಲ್ಲಿ ಐದನೆಯ ಒಂದು ಭಾಗದಷ್ಟು ಹೊಟ್ಟೇ ಇರುತ್ತದೆ. ಅದನ್ನು ಅವರು ಬಾಯ್ಲರಿಗೆ ಹಾಕುತ್ತಾರೆ, ಮಾರುತ್ತಾರೆ, ತೂಕ ಮಾಡಿ ಬರೆದಿಡುತ್ತಾರೆ. ಆದರೆ ಅದೇ ಹೊಟ್ಟು ಉರಿದು ಉಳಿದ ಬೂದಿಯನ್ನು ರಾತ್ರಿಯ ವೇಳೆ ಹಳ್ಳಕ್ಕೆ ಸುರಿಯುವ ಗಿರಣಿಗಳೂ ಇಲ್ಲದಿಲ್ಲ. ಬೆಲೆ ಬರುವವರೆಗೆ ಲೆಕ್ಕ, ಬೆಲೆ ನಿಂತೊಡನೆ ಕತ್ತಲು! ಇಟ್ಟಿಗೆ ಮತ್ತು ಸಿಮೆಂಟಿನಲ್ಲಿ ಆ ಬೂದಿಗೂ ಉಪಯೋಗವುಂಟು.

ಈಚೆಗೆ ಎಲ್ಲಕ್ಕೂ ಯಂತ್ರವೇ ಪರಿಹಾರವೆಂಬ ಭ್ರಮೆ ಹಬ್ಬಿದೆ. ತುಂಬಿದೊಡನೆ ಸುದ್ದಿ ಕಳುಹಿಸುವ ತೊಟ್ಟಿ, ಲಾರಿಯ ಜಾಡು ಹಿಡಿಯುವ ಉಪಕರಣ, ಆಸ್ಪತ್ರೆಯ ಕಸದ ಚೀಲಕ್ಕೆ ಗೆರೆಗಳ ಗುರುತು, ದೂರದಿಂದಲೇ ಲೆಕ್ಕ ಸಲ್ಲಿಸುವ ಜಾಲತಾಣ, ಇವೆಲ್ಲ ಬರಲಿ. ಇವುಗಳಿಂದ ಸುಳ್ಳು ಹೇಳುವುದು ಕಷ್ಟವಾಗುತ್ತದೆಂಬುದೇ ದೊಡ್ಡ ಲಾಭ. ಆದರೆ ಬೆರಕೆಯಾದ ಕಸವನ್ನು ಯಾವ ಜಾಣ ತೊಟ್ಟಿಯೂ ಮತ್ತೆ ಶುದ್ಧ ಮಾಡಿಕೊಡಲಾರದು. ಇಂದೂರು ನಗರದಲ್ಲಿ ದಿನಕ್ಕೆ 550 ಟನ್ ಹಸಿ ಕಸದಿಂದ ಅನಿಲ ತೆಗೆಯುವ ಸ್ಥಾವರವೊಂದು 2022ರಲ್ಲಿ ಆರಂಭವಾಯಿತು. ನೋಡಲು ಬಂದವರೆಲ್ಲರೂ ಅದರ ಯಂತ್ರವನ್ನು ಕೊಂಡಾಡುತ್ತಾರೆ. ಆ ಯಂತ್ರದ ಬಾಯಿಗೆ ಬರುವ ಹಸಿ ಕಸ ಮನೆ ಮತ್ತು ಅಂಗಡಿಗಳ ಬಾಗಿಲಲ್ಲಿಯೇ ಬೇರೆಯಾಗಿ ಬರುತ್ತದೆಂಬುದನ್ನು ಗಮನಿಸುವವರು ಕಡಿಮೆ.

ವರ್ತಕರ ಆಕ್ಷೇಪವನ್ನೂ ಕೇಳಬೇಕು. ಪರವಾನಗಿಗೊಂದು ಕಚೇರಿ, ಸಮ್ಮತಿಗೊಂದು ಕಚೇರಿ, ತಪಾಸಣೆಗೆ ಬಂದವರ ಮುಖಭಾವ ಓದುವ ಕಷ್ಟ ಬೇರೆ. ತಾವು ಬೇರ್ಪಡಿಸಿ ಕೊಟ್ಟ ಎರಡು ಚೀಲಗಳನ್ನು ತಮ್ಮ ಕಣ್ಣೆದುರೇ ಒಂದೇ ಗಾಡಿಗೆ ಸುರಿಯುತ್ತಾರೆಂಬ ಅವರ ದೂರು ಹಲವು ಊರುಗಳಲ್ಲಿ ನಿಜ. ಪೌರಸಂಸ್ಥೆಗಳು ಇದಕ್ಕೆ ಉತ್ತರ ಕೊಡಲೇಬೇಕು. ನಿಯಮ ಪಾಲಿಸುವವನಿಗೆ ಖರ್ಚು, ಪಾಲಿಸದವನಿಗೆ ಉಳಿತಾಯ ಎಂಬ ಸ್ಥಿತಿ ಇರುವವರೆಗೆ ಪ್ರಾಮಾಣಿಕನು ಪೇಟೆಯಲ್ಲಿ ಸೋಲುತ್ತಲೇ ಇರುತ್ತಾನೆ. ಆದರೆ ಇದನ್ನೇ ನೆಪವಾಗಿಟ್ಟುಕೊಂಡು, ವಿಲೇವಾರಿ ಮಾಡದೆಯೇ ಮಾಡಿದೆನೆಂಬ ಪ್ರಮಾಣಪತ್ರವನ್ನು ಹಣಕ್ಕೆ ಕೊಂಡು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿಸುವುದು ಖೊಟ್ಟಿ ತಕ್ಕಡಿಗಿಂತ ಹೀನವಾದ ವ್ಯವಹಾರ. ಖೊಟ್ಟಿ ತಕ್ಕಡಿಯಿಂದ ಗಿರಾಕಿಗೆ ಎರಡು ತೊಲ ನಷ್ಟವಾದೀತು. ಇಲ್ಲಿ ನಷ್ಟವಾಗುವುದು ಮಂಡೂರಿನಂತಹ ಊರೊಂದರ ಬಾವಿ. ಬೆರಕೆ ಚೀಲದೊಳಗೆ ಕೈಯಿಟ್ಟು ಗಾಜಿನ ಚೂರಿನಿಂದ, ಸೂಜಿಯಿಂದ ಗಾಯಗೊಳ್ಳುವ ಪೌರಕಾರ್ಮಿಕಳ ಕೈ.

ಇಂತಹ ವಿಷಯ ಶಾಲೆಯ ಸಂಚಿಕೆಯಲ್ಲಿ ಏಕೆಂದು ಕೆಲವರು ಹುಬ್ಬೇರಿಸಬಹುದು. ವಿದ್ಯಾಸಂಸ್ಥೆಗಳಿಗೆ ಕೊಠಡಿ ಕಟ್ಟಿಸಿಕೊಟ್ಟ ದಾನಿಗಳಲ್ಲಿ ಬಹುಮಂದಿ ಅಡತಿ ಅಂಗಡಿ, ಗಿರಣಿ, ಹೋಟೆಲು, ಛತ್ರಗಳ ಒಡೆಯರು. ವಾಣಿಜ್ಯ ಓದಿ ಹೊರಬಿದ್ದ ಹಳೆಯ ವಿದ್ಯಾರ್ಥಿಗಳು ಅವರ ಲೆಕ್ಕ ಬರೆಯುವವರು. ಜಮಾಖರ್ಚಿನ ಪಾಠ ಹೇಳುವ ಅಧ್ಯಾಪಕರು ಕಲ್ಪಿತ ವ್ಯಾಪಾರಿಯ ಲೆಕ್ಕವನ್ನು ಬಿಡಿಸುವ ಬದಲು, ಒಂದು ತಿಂಗಳ ಮಟ್ಟಿಗೆ ಪ್ರಸಾದನಿಲಯದ ಕಸದ ಖಾತೆಯನ್ನು ಮಕ್ಕಳಿಂದ ಬರೆಯಿಸಬಹುದು. ಪ್ರತಿ ಊಟದ ನಂತರ ಹಸಿ ಎಷ್ಟು, ಒಣ ಎಷ್ಟು, ಎಲೆಯಲ್ಲಿ ಬಿಟ್ಟ ಅನ್ನವೆಷ್ಟು, ಗೊಬ್ಬರದ ಗುಂಡಿಗೆ ಹೋದದ್ದೆಷ್ಟು, ರದ್ದಿಯವನು ಕೊಟ್ಟ ಹಣವೆಷ್ಟು ಎಂದು ತೂಗಿ ಬರೆಯಬೇಕು. ತಿಂಗಳ ಕೊನೆಗೆ ತಾಳೆ ನೋಡಬೇಕು. ಇದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮತ್ತು ಒಂದು ತಕ್ಕಡಿ. ನೋಟುಪುಸ್ತಕ ಶಾಲೆಯಲ್ಲಿಯೇ ಇದೆ. ದಾನಿಗಳಲ್ಲಿ ಯಾರಾದರೊಬ್ಬರು ಗೋದಾಮಿನ ಮೂಲೆಯಲ್ಲಿ ಬಳಕೆ ತಪ್ಪಿ ನಿಂತಿರುವ ಹಳೆಯ ತಕ್ಕಡಿಯನ್ನು ಕಳುಹಿಸಿಕೊಟ್ಟರೆ ಬರುವ ಜೂನಿನಿಂದಲೇ ಖಾತೆ ತೆರೆಯಬಹುದು.