ಫಾರಿನ್ ವಾಲಂಟಿಯರ್ ಬರ್ತಾರೆ ಸರಿ, ಹೋದ ಮೇಲೆ ಊರಿಗೆ ಏನು ಉಳಿಯುತ್ತೆ?

ವಿಶ್ವಸಂಸ್ಥೆ 2026ನ್ನು ಅಂತರರಾಷ್ಟ್ರೀಯ ಸ್ವಯಂಸೇವಕರ ವರ್ಷ ಅಂತ ಘೋಷಿಸಿದೆ. ಕೆರೆ, ಸರ್ಕಾರಿ ಶಾಲೆ, ಮಕ್ಕಳ ಆಶ್ರಮ ಅಂತ ಕೆಲಸ ಮಾಡೋ ಸಂಸ್ಥೆಗಳಿಗೆ ಹೊರದೇಶದ ಹುಡುಗ ಹುಡುಗಿಯರನ್ನು ಕರೆಸಿಕೊಳ್ಳೋಕೆ ಇದು ಒಳ್ಳೇ ನೆಪ. ಆನೇಕಲ್, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಗೆ ಇವರು ಬರೋದು ಹೊಸದೇನಲ್ಲ. ಏರ್‌ಪೋರ್ಟ್ ಇದೆ, ಕಂಪನಿಗಳಿವೆ, ಇಂಗ್ಲಿಷ್ ಮಾತಾಡೋ ಹುಡುಗರು ಸಿಗ್ತಾರೆ, ಪಿಜಿಗಳಿಗಂತೂ ಬರವಿಲ್ಲ. ಬಂದವರು ಶಾಲೆ ಗೋಡೆಗೆ ಬಣ್ಣ ಬಳೀತಾರೆ, ಗಿಡ ನೆಡ್ತಾರೆ, ಮಕ್ಕಳ ಜೊತೆ ಫೋಟೋ ತೆಗೆಸ್ಕೊಂಡು ವಿಮಾನ ಹತ್ತುತ್ತಾರೆ. ಆಮೇಲೆ ಆ ಗಿಡಕ್ಕೆ ನೀರು ಹಾಕೋರು ಯಾರು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕರೆಸೋದರಲ್ಲಿ ತಪ್ಪೇನಿಲ್ಲ. ಆದ್ರೆ ಕೆಲಸ ಯಾವುದು, ಎಷ್ಟು ದಿನ, ಖರ್ಚು ಯಾರದು ಅನ್ನೋದನ್ನ ಊರಿನವರು ತೀರ್ಮಾನ ಮಾಡ್ಬೇಕು. ಕಳಿಸೋ ಏಜೆನ್ಸಿಯವರು ತಮ್ಮ ರಜಾ ಕ್ಯಾಲೆಂಡರ್ ನೋಡ್ಕೊಂಡು ತೀರ್ಮಾನ ಮಾಡಿದ್ರೆ ಊರಿಗೆ ಖರ್ಚೇ ಜಾಸ್ತಿ.

ಮೊದಲು ಕೂಲಿ ಲೆಕ್ಕ ಹಾಕೋಣ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಯುರೋಪಿಂದ ಬಂದು ಹೋಗೋ ಟಿಕೆಟ್ 70 ಸಾವಿರ ಅಂತ ಇಟ್ಕೊಳ್ಳಿ. ಆ ದುಡ್ಡಿಗೆ ಒಬ್ಬ ಆಳು 189 ದಿನ ಕೆಲಸ ಮಾಡ್ತಾನೆ. ಹದಿನೈದು ದಿನಕ್ಕೆ ಬಂದು, ಅದರಲ್ಲಿ ಎರಡು ದಿನ ಹೊಟ್ಟೆ ಕೆಟ್ಟು ಮಲಗಿ, ಗುದ್ದಲಿ ಹಿಡಿದು ಅಭ್ಯಾಸವೇ ಇಲ್ಲದ ಹುಡುಗನ ಕೈಯಲ್ಲಿ ಎಷ್ಟು ಮಣ್ಣು ಎತ್ತಿಸೋಕಾಗುತ್ತೆ? ಮೈ ಕೆಲಸಕ್ಕೆ ಅಂತ ಕರೆಸಿದ್ರೆ ಅದು ನಷ್ಟದ ವ್ಯಾಪಾರ.

ಬೊಮ್ಮಸಂದ್ರ, ಜಿಗಣಿ ಕಡೆಯವರಿಗೆ ಕ್ಯಾಲಸನಹಳ್ಳಿ ಕೆರೆ ಗೊತ್ತೇ ಇರುತ್ತೆ. 36 ಎಕರೆ ಕೆರೆ. 2017ರಲ್ಲಿ ಸಂಸೇರಾ ಕಂಪನಿಯ ಸಿಎಸ್‌ಆರ್ ಹಣದಲ್ಲಿ, ಆಗ ಅಲ್ಲೇ ಇಂಜಿನಿಯರ್ ಆಗಿದ್ದ ಆನಂದ್ ಮಲ್ಲಿಗವಾಡ ಮುಂದೆ ನಿಂತು ಕೆಲಸ ಮಾಡಿಸಿದ್ರು. ಹೂಳು ಎತ್ತಿದ್ದು ಯಂತ್ರಗಳು. ಎತ್ತಿದ ಮಣ್ಣಲ್ಲಿ ಕೆರೆ ಒಳಗೇ ನಡುಗಡ್ಡೆ ಮಾಡಿದ್ರು. ಸ್ವಯಂಸೇವಕರ ಕೈ ಬೇಕಾಗಿದ್ದು ಗಿಡ ನೆಡೋ ಹೊತ್ತಿಗೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯದ್ದು ಬೇರೆ ದಾರಿ. ಅಲ್ಲಿ ಸುತ್ತಮುತ್ತಲ ನಿವಾಸಿಗಳೇ ಸೇರಿ ಟ್ರಸ್ಟ್ ಮಾಡ್ಕೊಂಡು ಕೆರೆ ನೋಡ್ಕೊಳ್ಳೋಕೆ ಇಳಿದ್ರು. ಎರಡೂ ಕಡೆ ಮುಖ್ಯ ಆದದ್ದು ಇಲ್ಲೇ ಇರೋರು. ಹೊರಗಿನಿಂದ ಬರೋ ಹುಡುಗರಿಗೆ ಇಂಥ ಕಡೆ ಮಾಡೋಕೆ ಕೆಲಸ ಇದ್ದೇ ಇದೆ: ನೀರಿನ ಪರೀಕ್ಷೆ, ಹಕ್ಕಿ ಎಣಿಕೆ, ಕೆರೆ ಅಂಗಳದ ನಕ್ಷೆ. ಓದಿ ಬಂದಿರೋ ವಿದ್ಯೆ ಬಳಸಿಕೊಳ್ಳೋದು ಬಿಟ್ಟು ಬ್ರಷ್ ಕೊಟ್ಟು ಗೋಡೆ ಕಡೆ ತಿರುಗಿಸಿ ನಿಲ್ಲಿಸೋದು ಯಾಕೋ!

ಲೆಕ್ಕಕ್ಕೆ ಬಾರದ ಇನ್ನೊಂದು ಖರ್ಚಿದೆ. ಹೊರದೇಶದವರಿಗೆ ಕನ್ನಡ ಬರಲ್ಲ. ಅವರನ್ನ ಬೆಳಗ್ಗೆ ಕರ್ಕೊಂಡು ಬರೋದು, ಮಾತು ತರ್ಜುಮೆ ಮಾಡೋದು, ಮೊಬೈಲ್ ಸಿಮ್ ಕೊಡ್ಸೋದು, ಜ್ವರ ಬಂದ್ರೆ ಆಸ್ಪತ್ರೆಗೆ ಓಡೋದು, ಇದಕ್ಕೆಲ್ಲ ಊರಿನ ಒಬ್ಬ ಹುಡುಗನೋ ಹುಡುಗಿಯೋ ಬೇಕು. ಅದು ಪೂರ್ತಿ ದಿನದ ಕೆಲಸ. ಅವರಿಗೆ ಸಂಬಳ ಕೊಡದೆ ‘ಅನುಭವ ಆಗುತ್ತೆ ಬಾ’ ಅಂದ್ರೆ, ಹೊರಗಿನ ವಾಲಂಟಿಯರ್‌ಗೆ ಒಳಗಿನವನು ಬಿಟ್ಟಿ ಆಳಾದ ಹಾಗೆ. ಮಾತುಕತೆಗೆ ಕೂತಾಗ ಮೊದಲು ಈ ಸಂಬಳದ ವಿಷಯ ಎತ್ತಬೇಕು.

ಕಾಡುಗೋಡಿ ಕಲಿಸೋ ಪಾಠ

ವಾಲಂಟಿಯರ್‌ಗಳು ಬಂದ್ರೆ ಅಂಗಡಿ ವ್ಯಾಪಾರ ಏರುತ್ತೆ ಅನ್ನೋರು ಕಾಡುಗೋಡಿ ಹಳಬರನ್ನ ಕೇಳಬೇಕು. ಸತ್ಯಸಾಯಿ ಬಾಬಾ ಬೇಸಿಗೆಯಲ್ಲಿ ಅಲ್ಲಿನ ಬೃಂದಾವನ ಆಶ್ರಮಕ್ಕೆ ಬಂದು ಇರ್ತಿದ್ರು. ಅವರ ಹಿಂದೆ ಹತ್ತಾರು ದೇಶದ ಭಕ್ತರು ಬರೋರು. ಅವರಲ್ಲಿ ಸೇವೆ ಮಾಡೋಕೆ ಅಂತ ಬಂದವರೂ ಇದ್ರು. ಐಟಿ ಬರೋಕೆ ಮುಂಚೆಯೇ ಅಲ್ಲಿ ಮನೆ ಮೇಲೆ ಒಂದು ರೂಮು ಕಟ್ಟಿ ಫಾರಿನರ್ಸ್‌ಗೆ ಬಾಡಿಗೆಗೆ ಕೊಡೋ ಪದ್ಧತಿ ಬೆಳೆದಿತ್ತು. ಹಣ್ಣಿನಂಗಡಿ, ಬಟ್ಟೆ ಅಂಗಡಿ, ಆಟೋದವರು ಎಲ್ಲರಿಗೂ ಆ ಸೀಸನ್ ಮುಖ್ಯ. 2001ರ ಜನವರಿ 19ರಂದು ಆಗಿನ ಪ್ರಧಾನಿ ವಾಜಪೇಯಿ ವೈಟ್‌ಫೀಲ್ಡ್‌ನಲ್ಲಿ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಉದ್ಘಾಟನೆ ಮಾಡಿದ್ರು. 2011ರ ಏಪ್ರಿಲ್ 24ರಂದು ಬಾಬಾ ತೀರಿಕೊಂಡ್ರು. ಆಶ್ರಮದ ಸೀಸನ್ ನಂಬಿದ್ದ ವ್ಯಾಪಾರಕ್ಕೆ ಅದು ಹೊಡೆತ. ಆದ್ರೆ ಆಸ್ಪತ್ರೆ ಇವತ್ತಿಗೂ ಬಿಲ್ ಕೌಂಟರ್ ಇಲ್ಲದೆ ನಡೀತಿದೆ, ಸೇವಾದಳದವರು ಸರದಿ ಮೇಲೆ ಬಂದು ಕೆಲಸ ಮಾಡ್ತಾರೆ.

ಭಕ್ತಿ ಬೇರೆ, ವಾಲಂಟಿಯರ್ ಪ್ರಾಜೆಕ್ಟ್ ಬೇರೆ, ಒಪ್ಪಿದೆ. ಆದ್ರೂ ಅಂಗಡಿಯವರಿಗೆ ಇದರಲ್ಲಿ ಒಂದು ಲೆಕ್ಕ ಇದೆ. ಒಬ್ಬ ವ್ಯಕ್ತಿಯನ್ನೋ ಒಂದು ಏಜೆನ್ಸಿಯನ್ನೋ ನಂಬಿ ಬರೋ ಗಿರಾಕಿ ಒಂದೇ ಸಲ ನಿಂತು ಹೋಗಬಹುದು. ನಾಲ್ಕು ಜನ ವಾಲಂಟಿಯರ್ ಬರ್ತಾರೆ ಅಂತ ಸಾಲ ಮಾಡಿ ಹೋಂಸ್ಟೇ ಕಟ್ಟೋದು ಜಾಣತನ ಅಲ್ಲ. ಇರೋ ಮನೇಲಿ ಖಾಲಿ ರೂಮಿದ್ರೆ ಕೊಡಿ, ಅಷ್ಟು ಸಾಕು.

ಮಕ್ಕಳ ವಿಷಯ ಬಂದ್ರೆ

ಇಲ್ಲಿ ನಾನು ಸ್ವಲ್ಪ ಖಡಕ್ಕಾಗೇ ಮಾತಾಡ್ತೀನಿ. ಎರಡು ವಾರಕ್ಕೆ ಬರೋರನ್ನ ಮಕ್ಕಳ ಆಶ್ರಮಕ್ಕೆ ಬಿಡಬಾರದು. ಅಪ್ಪ ಅಮ್ಮ ದೂರ ಇರೋ ಮಗು ಬಂದವರಿಗೆಲ್ಲ ಅಂಟ್ಕೊಳ್ಳುತ್ತೆ. ಅವರು ಹೋಗ್ತಾರೆ, ಮುಂದಿನ ಬ್ಯಾಚ್ ಬರುತ್ತೆ, ಮತ್ತೆ ಅದೇ ಕಥೆ. ನೇಪಾಳ, ಕಾಂಬೋಡಿಯಾದಂಥ ಕಡೆ ಫಾರಿನರ್ಸ್ ಕೊಡೋ ದುಡ್ಡಿಗಾಗಿಯೇ ಅಪ್ಪ ಅಮ್ಮ ಇರೋ ಮಕ್ಕಳನ್ನೂ ತಂದು ಅನಾಥಾಶ್ರಮ ತುಂಬಿಸಿದ್ದು ಬಯಲಾಗಿದೆ. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕಿನ ನಿರ್ಣಯದಲ್ಲಿ ಅನಾಥಾಶ್ರಮ ವಾಲಂಟಿಯರಿಂಗ್‌ನಿಂದ ಆಗೋ ಹಾನಿಯನ್ನ ಹೆಸರಿಟ್ಟೇ ಹೇಳ್ತು. ನಮ್ಮಲ್ಲೂ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಕ್ಕಳ ಪಾಲನಾ ಸಂಸ್ಥೆ ನೋಂದಣಿ ಆಗಿರಲೇಬೇಕು. ಬೋರ್ಡ್ ಚೆನ್ನಾಗಿದೆ ಅಂತ ನಂಬಬೇಡಿ, ನೋಂದಣಿ ಪತ್ರ ಕೇಳಿ.

ಹಾಗಂತ ಹೊರಗಿನವರು ಮಕ್ಕಳ ಹತ್ರ ಬರಲೇಬಾರದು ಅಂತಲ್ಲ. ಅತ್ತಿಬೆಲೆ ಗಡಿ ದಾಟಿ ಹೋದ್ರೆ ಕೃಷ್ಣಗಿರಿ ಜಿಲ್ಲೆ ಬಾಲಿಗಾನಪಲ್ಲಿಯಲ್ಲಿ ಶಾಂತಿ ಭವನ ಶಾಲೆ ಇದೆ. 1997ರಲ್ಲಿ ಅಬ್ರಹಾಂ ಜಾರ್ಜ್ ಶುರು ಮಾಡಿದ್ದು. ಬಡ ಕುಟುಂಬದ ಮಕ್ಕಳು ನಾಲ್ಕು ವರ್ಷದ ಆಸುಪಾಸಿಗೆ ಸೇರಿ ಅಲ್ಲೇ ಇದ್ದು ಓದ್ತಾರೆ. 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಅದರ ಬಗ್ಗೆ ಸಾಕ್ಷ್ಯಚಿತ್ರವೂ ಬಂತು. ಹೊರದೇಶದ ವಾಲಂಟಿಯರ್‌ಗಳು ಅಲ್ಲಿ ಬಹಳ ವರ್ಷದಿಂದ ಪಾಠ ಮಾಡ್ತಾ ಬಂದಿದ್ದಾರೆ. ಆದ್ರೆ ಶಾಲೆಗೆ ತನ್ನದೇ ಟೀಚರ್‌ಗಳು, ಹಾಸ್ಟೆಲ್ ನೋಡ್ಕೊಳ್ಳೋರು ಇದ್ದಾರೆ. ಬಂದವರು ಹೋದ್ರೂ ತರಗತಿ ನಿಲ್ಲಲ್ಲ. ಜರ್ಮನಿ ಸರ್ಕಾರ 2008ರಿಂದ ನಡೆಸ್ತಿರೋ ‘ವೆಲ್ಟ್‌ವೆರ್ಟ್ಸ್’ ಯೋಜನೆಯಲ್ಲಿ ಯುವಕರನ್ನ ಕಮ್ಮಿ ಅಂದ್ರೂ ಆರು ತಿಂಗಳಿಗೆ ಕಳಿಸ್ತಾರೆ, ತರಬೇತಿ ಶಿಬಿರ ಕಡ್ಡಾಯ. ಪಾಠ ಹೇಳೋಕಾದ್ರೆ ಇಂಥ ದೀರ್ಘಾವಧಿಯವರನ್ನೇ ಕೇಳಬೇಕು.

ಪಿಜಿ ಓನರ್‌ಗಳು ಇದನ್ನ ಓದಲೇಬೇಕು

ಹೊರದೇಶದವರು ನಿಮ್ಮಲ್ಲಿ ಉಳಿದ್ರೆ 24 ಗಂಟೆ ಒಳಗೆ ಆನ್‌ಲೈನ್‌ನಲ್ಲಿ ಎಫ್‌ಆರ್‌ಆರ್‌ಒಗೆ ಮಾಹಿತಿ ಕೊಡಬೇಕು. ಹಳೇ ಕಾಲದಿಂದ ‘ಸಿ ಫಾರ್ಮ್’ ಅಂತ ಕರೀತಿದ್ದದ್ದು ಇದನ್ನೇ. ಹೋಟೆಲ್‌ಗೆ ಮಾತ್ರ ಅನ್ಕೊಂಡಿರೋರು ತುಂಬಾ ಜನ. ಪಿಜಿ, ಹೋಂಸ್ಟೇ, ಸ್ವಂತ ಮನೆ, ಎಲ್ಲಕ್ಕೂ ಅನ್ವಯ ಆಗುತ್ತೆ. 1946ರ ವಿದೇಶಿಯರ ಕಾಯ್ದೆ ಹೋಗಿ, ವಲಸೆ ಮತ್ತು ವಿದೇಶಿಯರ ಕಾಯ್ದೆ 2025 ಕಳೆದ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಕಾಯ್ದೆ ಬದಲಾದ್ರೂ ಓನರ್ ಮೇಲಿನ ಈ ಜವಾಬ್ದಾರಿ ಹೋಗಿಲ್ಲ. ಕಚೇರಿ ಶಾಂತಿನಗರ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿದೆ.

ವೀಸಾನೂ ನೋಡ್ಕೊಳ್ಳಿ. ಇ-ಟೂರಿಸ್ಟ್ ವೀಸಾದಲ್ಲಿ ಬಂದವರು ಹೆಚ್ಚೆಂದ್ರೆ ಒಂದು ತಿಂಗಳು ಸ್ವಯಂಸೇವೆ ಮಾಡಬಹುದು, ಅದೂ ಯಾವುದೇ ರೂಪದ ಹಣ ಪಡೆಯದೆ. ಅದಕ್ಕಿಂತ ಜಾಸ್ತಿ ದಿನ ಸಂಸ್ಥೆಯಲ್ಲಿ ಕೆಲಸ ಮಾಡೋಕೆ ಬೇರೆ ವೀಸಾ ಬೇಕು. ‘ಮೂರು ತಿಂಗಳು ಇರ್ತಾರೆ, ಟೂರಿಸ್ಟ್ ವೀಸಾನೇ ಸಾಕು’ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಸಿಕ್ಕಿಹಾಕ್ಕೊಳ್ಳೋದು ಆ ಹುಡುಗಿ, ಜೊತೆಗೆ ನೀವು.

ದೇಣಿಗೆಯದ್ದು ಇನ್ನೂ ಸೂಕ್ಷ್ಮ. ವಾಲಂಟಿಯರ್ ಹೊರಡುವಾಗ ಪ್ರೀತಿಯಿಂದ ಯುವಕ ಸಂಘಕ್ಕೋ ಕೆರೆ ಸಮಿತಿಗೋ ಹತ್ತು ಸಾವಿರ ಕೊಟ್ರು ಅನ್ನಿ. ವಿದೇಶಿ ಪ್ರಜೆ ರೂಪಾಯಿಯಲ್ಲೇ ಕೊಟ್ರೂ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಸಂಘ ಅದನ್ನ ಮುಟ್ಟೋ ಹಾಗಿಲ್ಲ. ನೋಂದಣಿ ಇದ್ರೂ 2020ರ ತಿದ್ದುಪಡಿ ಆದಮೇಲೆ ಹಣ ಮೊದಲು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ರೂಮ್ ಬಾಡಿಗೆ, ಊಟದ ಬಿಲ್ಲು ವ್ಯಾಪಾರದ ಲೆಕ್ಕ, ಅದಕ್ಕೆ ಈ ತಕರಾರಿಲ್ಲ. ರಸೀದಿ ಮಾತ್ರ ಕೊಡಿ.

ಹೀಗೆಲ್ಲ ಹೇಳಿದ್ಮೇಲೆ ಯಾಕೆ ಕರೆಸಬೇಕು ಅಂತ ಕೇಳಬಹುದು. ನಮ್ಮ ದೇಶದ ಒಂದು ಹಳೇ ಉದಾಹರಣೆ ಕೊಡ್ತೀನಿ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪ ಆದಾಗ ಸ್ವಿಟ್ಜರ್ಲೆಂಡ್‌ನ ಪಿಯರ್ ಸೆರೆಸೋಲ್ ಕೆಲವೇ ಜೊತೆಗಾರರ ಜೊತೆ ಬಂದ್ರು. ಮೊದಲ ಮಹಾಯುದ್ಧ ಮುಗಿದ ಮೇಲೆ 1920ರಲ್ಲಿ ಫ್ರಾನ್ಸ್‌ನಲ್ಲಿ ಇಂಥ ಶ್ರಮದಾನ ಶಿಬಿರ ಶುರು ಮಾಡಿದವರು ಅವರು. ಬಿಹಾರದಲ್ಲಿ ಪ್ರವಾಹಕ್ಕೆ ಸಿಕ್ಕೋ ಹಳ್ಳಿಗಳನ್ನ ಎತ್ತರದ ಜಾಗಕ್ಕೆ ಕಟ್ಟೋ ಕೆಲಸ ಹಿಡಿದು ಮತ್ತೆ ಮತ್ತೆ ಬಂದ್ರು. ಮನೆ ಬಿದ್ದಿತ್ತು, ಕಟ್ಟೋ ಕೆಲಸ ಇತ್ತು. ಹಾಗೆ ಊರಿಗೆ ಬೇಕಾದ ಕೆಲಸಕ್ಕೆ ಬಂದು, ಊರಿನವರ ಜೊತೆ ನಿಂತ್ರೆ ಸ್ನೇಹ ತಾನಾಗೇ ಬೆಳೆಯುತ್ತೆ.

ಯುರೋಪಲ್ಲಿ ಬೇಸಿಗೆ ರಜೆ ಜುಲೈ, ಆಗಸ್ಟ್. ನಮಗದು ಮಳೆಗಾಲ, ಗಿಡ ನೆಡೋಕೆ ಹೇಳಿ ಮಾಡಿಸಿದ ಕಾಲ. ನಿಮ್ಮೂರ ಕೆರೆಗೆ ಈ ಸಲ ಯಾರಾದ್ರೂ ಬರ್ತೀವಿ ಅಂದ್ರೆ ಬರಲಿ. ನೆಟ್ಟ ಗಿಡಕ್ಕೆ ಫೆಬ್ರವರಿಯಿಂದ ಮೇ ತನಕ ಟ್ಯಾಂಕರ್ ನೀರಿನ ಬಿಲ್ಲು ಯಾರು ಕಟ್ತಾರೆ, ನೀರು ಬಿಡೋನ ಸಂಬಳ ಯಾರು ಕೊಡ್ತಾರೆ ಅನ್ನೋದನ್ನ ಮಾತ್ರ ಅವರು ಟಿಕೆಟ್ ಮಾಡಿಸೋಕೆ ಮುಂಚೆಯೇ ಪೇಪರ್ ಮೇಲೆ ಬರೆಸ್ಕೊಳ್ಳಿ.