ಬಸ್ಸನ್ನು ಲಾರ್ನ್‌ನಿಂದಲೇ ತಿರುಗಿಸಿ

ಮೆಲ್ಬೋರ್ನಿನಲ್ಲಿ ಓದುವ ಮಕ್ಕಳಿರುವ ಮನೆಗಳಿಗೆಲ್ಲ ಒಂದು ಫೋಟೊ ಬಂದೇ ಬರುತ್ತದೆ. ಹಿಂದೆ ಸಮುದ್ರದಲ್ಲಿ ನಿಂತ ಸುಣ್ಣಕಲ್ಲಿನ ಕಂಬಗಳು, ಮುಂದೆ ಗಾಳಿಗೆ ಕೂದಲು ಕೆದರಿಕೊಂಡು ನಗುವ ನಮ್ಮ ಮಗನೋ ಮಗಳೋ. ಪುಣೆಯ ನಮ್ಮ ಮನೆಗೂ ಬಂದಿದೆ. ಆ ಫೋಟೊಕ್ಕೋಸ್ಕರ ವಿದ್ಯಾರ್ಥಿ ಗುಂಪುಗಳು ಗ್ರೇಟ್ ಓಷನ್ ರೋಡಿನಲ್ಲಿ ನಡೆಸುವ ಒಂದು ದಿನದ ಬಸ್ ಪ್ರವಾಸವನ್ನು ಅರ್ಧಕ್ಕೆ ಕತ್ತರಿಸಬೇಕು ಎನ್ನುವುದು ನನ್ನ ವಾದ.

ಕೇಳಿದ್ದನ್ನು ನಂಬಿ ಹೇಳುತ್ತಿಲ್ಲ. ಮಗಳನ್ನು ನೋಡಲು ಹೋಗಿದ್ದಾಗ ಅವಳ ಗುಂಪಿನ ಬಸ್ಸಿನಲ್ಲಿ ಒಂದು ಸೀಟು ಉಳಿದಿತ್ತು, ನಾನೂ ಹತ್ತಿದೆ. ಬೆಳಗ್ಗೆ ಏಳಕ್ಕೆ ಹೊರಟವರು ವಾಪಸು ಬಂದಾಗ ರಾತ್ರಿ ಒಂಬತ್ತೂವರೆ. ಅದರಲ್ಲಿ ಎಂಟು ಗಂಟೆ ಸೀಟಿನಲ್ಲೇ ಕಳೆಯಿತು. ಟಾರ್ಕಿಯಲ್ಲಿ ಹತ್ತು ನಿಮಿಷ, ಸ್ಮಾರಕ ಕಮಾನಿನ ಹತ್ತಿರ ಹತ್ತು ನಿಮಿಷ, ಅಪೊಲೊ ಬೇಯಲ್ಲಿ ಊಟ, ಆಮೇಲೆ ಅರ್ಧ ಬಸ್ಸಿಗೆ ನಿದ್ದೆ. ಮಧ್ಯೆ ಕಡಲು ಎಷ್ಟು ಹೊತ್ತು ಕಂಡಿತೋ, ಕಂಡವರು ಕಮ್ಮಿ.

ಆ ಕಮಾನು ಯಾರದು ಎಂದು ಯಾರೂ ಹೇಳಲಿಲ್ಲ. ಮೊದಲ ಮಹಾಯುದ್ಧದಿಂದ ಮರಳಿದ ಸುಮಾರು 3,000 ಸೈನಿಕರು, ಮರಳದ ಗೆಳೆಯರ ನೆನಪಿಗೆಂದು, 1919ರಿಂದ 1932ರವರೆಗೆ ಬಹುಪಾಲು ಗುದ್ದಲಿ ಪಿಕಾಸಿಗಳಿಂದಲೇ ಬಂಡೆ ಕಡಿದು ಮಾಡಿದ ರಸ್ತೆ ಅದು. ಟಾರ್ಕಿಯಿಂದ ಆಲನ್ಸ್‌ಫರ್ಡ್‌ವರೆಗೆ 240 ಕಿಲೋಮೀಟರಿಗೂ ಹೆಚ್ಚು. ಹದಿಮೂರು ವರ್ಷದ ಕೆಲಸವನ್ನು ನಾವು ಕಿಟಕಿಯಿಂದ ನೋಡಿ ಮುಗಿಸುತ್ತೇವೆ.

ಕತೆ ಹೇಳದಿದ್ದರೆ ಹೋಗಲಿ, ಅಪಾಯವನ್ನಾದರೂ ಹೇಳಬೇಡವೇ? ಲಾಕ್ ಆರ್ಡ್ ಕಮರಿಗೆ ಆ ಹೆಸರು ಬಂದದ್ದು 1878ರಲ್ಲಿ ಅಲ್ಲಿ ಒಡೆದ ಹಡಗಿನಿಂದ. ಹಡಗಿನಲ್ಲಿದ್ದ 54 ಜನರಲ್ಲಿ ಬದುಕಿದ್ದು ಇಬ್ಬರೇ. ಮೆಟ್ಟಿಲಿಳಿದು ಅದೇ ಮರಳಿಗೆ ಹೋದಾಗ, ತೆಲಂಗಾಣದ ಒಳನಾಡಿನ ಒಬ್ಬ ಹುಡುಗ ಪ್ಯಾಂಟು ಮಡಚಿ ನೀರಿಗಿಳಿದ. ಒಂದು ಅಲೆ ಮೊಣಕಾಲಿಗೆ ಬಂತು, ಮುಂದಿನದು ಸೊಂಟಕ್ಕೆ. ಅವನು ತೂರಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಸಮುದ್ರವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು ಎಂದು ಬಸ್ಸಿನಲ್ಲಿ ಹೇಳಿಕೊಂಡ.

ಅಲ್ಲಿಗೆ ಹತ್ತಿರದಲ್ಲೇ, ಶೆರ್‌ಬ್ರೂಕ್ ಹೊಳೆ ಸಮುದ್ರ ಸೇರುವಲ್ಲಿ, 2019ರ ಈಸ್ಟರ್ ಭಾನುವಾರ ಒಬ್ಬ ಪ್ರವಾಸಿಯನ್ನು ಉಳಿಸಲು ದೋಣಿ ಇಳಿಸಿದ ತಂದೆ ಮತ್ತು ಮಗ ಇಬ್ಬರೂ ಸತ್ತರು. ಪೋರ್ಟ್ ಕ್ಯಾಂಪ್‌ಬೆಲ್‌ನ ಹೈನುಗಾರರು, ಸಂಬಳವಿಲ್ಲದೆ ಜೀವ ಕಾಯುವ ಸ್ವಯಂಸೇವಕರು. ಪ್ರವಾಸಿ ಬದುಕಿದ. 2024ರ ಜನವರಿಯಲ್ಲಿ ಮೆಲ್ಬೋರ್ನಿನ ಇನ್ನೊಂದು ದಿಕ್ಕಿಗಿರುವ ಫಿಲಿಪ್ ದ್ವೀಪದ ಕಾವಲಿಲ್ಲದ ಬೀಚಿನಲ್ಲಿ ನಮ್ಮ ದೇಶದ ಮೂಲದ ನಾಲ್ವರು ಮುಳುಗಿದರು. ಅದೇ ವರ್ಷ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುಳುಗಿದರು. ಬಯಲುಸೀಮೆಯ ಮಕ್ಕಳಿಗೆ ಕಡಲಿನ ಗುಣ ಗೊತ್ತಿರುವುದಿಲ್ಲ, ಕರೆದುಕೊಂಡು ಹೋದವರು ಹೇಳಿಕೊಡಬೇಕು.

ಹೇಳಿಕೊಡುವುದಕ್ಕೆ ಹೆಚ್ಚು ಹೊತ್ತೂ ಬೇಡ. ಬೀಚಿನಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು, ಬಾವುಟವಿಲ್ಲದಿದ್ದರೆ ಇಳಿಯಲೇಬಾರದು. ಅಲೆಗಳು ಒಡೆಯುವ ಸಾಲಿನ ನಡುವೆ ಶಾಂತವಾಗಿ, ಕೊಂಚ ಕಪ್ಪಾಗಿ ಕಾಣುವ ನೀರೇ ಬಹಳ ಸಲ ಸೆಳವು ಇರುವ ಜಾಗ, ಈಜು ಬಾರದವರು ‘ಇಲ್ಲಿ ಅಲೆ ಇಲ್ಲ’ ಎಂದು ಅಲ್ಲಿಗೇ ಹೋಗುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡದೆ ತೇಲಬೇಕು, ಕೈ ಎತ್ತಿ ಕೂಗಬೇಕು. ತುರ್ತು ನಂಬರು ಸೊನ್ನೆ ಸೊನ್ನೆ ಸೊನ್ನೆ. ಹದಿನಾಲ್ಕೂವರೆ ಗಂಟೆಯ ಪ್ರವಾಸದಲ್ಲಿ ಈ ನಾಲ್ಕು ಮಾತಿಗೆ ಐದು ನಿಮಿಷ ಸಿಗಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಬೇಸಿಗೆಯಲ್ಲಿ ಹೋಗಿ, ಬಸ್ಸನ್ನು ಲಾರ್ನ್‌ನಿಂದಲೇ ತಿರುಗಿಸಿ. ಮೆಲ್ಬೋರ್ನಿನಿಂದ ಎರಡು ಗಂಟೆಯ ದಾರಿ. ಬೇಸಿಗೆಯಲ್ಲಿ ಅಲ್ಲಿನ ಬೀಚಿಗೆ ಕಾವಲಿರುತ್ತದೆ. ಕಾವಲುಗಾರರಿಂದ ಸೆಳವನ್ನು ಗುರುತಿಸುವುದು ಕಲಿಯಲಿ, ಬಾವುಟಗಳ ನಡುವೆ ಆಡಲಿ, ಬುತ್ತಿ ಬಿಚ್ಚಿ ತಿನ್ನಲಿ. ಕಮಾನು ದಾರಿಯಲ್ಲೇ ಸಿಗುತ್ತದೆ.

‘ಅಷ್ಟು ದೂರ ಹೋಗಿ ಆ ಕಂಬ ನೋಡದೆ ಬರುವುದೇ?’ ಎಂದು ಕೇಳುವಿರಿ. ಬಡ ವಿದ್ಯಾರ್ಥಿಗೆ ಕಡಿಮೆ ದುಡ್ಡಿನಲ್ಲಿ ಎಲ್ಲ ಕಾಣಲಿ ಎಂಬ ಸಂಘಟಕರ ಆಸೆಯೂ ನಿಜವೇ. ಆದರೆ ಈ ಮಕ್ಕಳು ಒಂದು ದಿನಕ್ಕೆ ಬಂದವರಲ್ಲ, ಎರಡು ಮೂರು ವರ್ಷ ಇರುವವರು. ಇನ್ನೊಮ್ಮೆ ಹೋಗಿ ಒಂದು ರಾತ್ರಿ ಉಳಿಯಲಿ. ‘ಟ್ವೆಲ್ವ್ ಅಪಾಸಲ್ಸ್’ ಎಂಬ ಹೆಸರಿದ್ದರೂ ಅಲ್ಲಿ ಹನ್ನೆರಡು ಕಂಬ ಇರಲೇ ಇಲ್ಲ. ಇದ್ದ ಒಂಬತ್ತರಲ್ಲಿ ಒಂದು 2005ರಲ್ಲಿ ಕುಸಿಯಿತು. ಉಳಿದವು ಮುಂದಿನ ರಜೆಯವರೆಗೆ ನಿಂತಿರುತ್ತವೆ. ಹೇಗೂ ಗುಂಪಿನ ಬಸ್ಸಿನಲ್ಲಿ ಹೋದವರು ಮುಂದಿನ ಸಲ ಬಾಡಿಗೆ ಕಾರಿನಲ್ಲಿ ತಾವೇ ಹೋಗುತ್ತಾರೆ. ಆಗ ನಿಲ್ಲಿಸಲು ಡ್ರೈವರೂ ಇಲ್ಲ, ಹಾರ್ನೂ ಇಲ್ಲ. ಮೊದಲ ಪ್ರವಾಸದಲ್ಲಿ ಕಲಿತದ್ದಷ್ಟೇ ಜೊತೆಗಿರುತ್ತದೆ.

ತಪ್ಪು ಸಂಘಟಕರದ್ದು ಮಾತ್ರವಲ್ಲ. ‘ಆ ಕಂಬದ ಮುಂದೆ ನಿಂತು ಒಂದು ಫೋಟೊ ಕಳಿಸು’ ಎಂದು ಮಗಳಿಗೆ ಮೊದಲು ಹೇಳಿದವನು ನಾನೇ. ಮುಂಬೈ, ಹೈದರಾಬಾದು, ಚೆನ್ನೈಗಳಲ್ಲಿ ಕುಳಿತು ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಇವತ್ತು ಫೋನು ಮಾಡಿದಾಗ ಫೋಟೊ ಕೇಳಬೇಡಿ. ಬಾವುಟದ ಬಣ್ಣ ಯಾವುದು ಎಂದು ಕೇಳಿ.